ಅಳಿದುದು ಮತ್ತು ಉಳಿದುದು: ‘ಡಾಕ್ಟರ್ ಹೂ’ ಸರಣಿಯ ಚರಿತ್ರೆ

ಚರಿತ್ರೆಯೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಇಷ್ಟೇ ಎಂದು ಪದವಿ ತರಗತಿಗೆ ಸೇರುವಾಗ ನಾನು ತಿಳಿದಿದ್ದೆನು. ಟೆಲಿವಿಷನ್ ಕತೆಯೊಂದಕ್ಕೂ ಚರಿತ್ರೆಯುಂಟು, ಅದರಿಂದಲೂ ಕಲಿಯತಕ್ಕದ್ದುಂಟು ಎಂಬುದು ಗೆಳೆಯನೊಬ್ಬನ ಮೊಬೈಲಿನಲ್ಲಿ ‘ಡಾಕ್ಟರ್ ಹೂ’ ಎಂಬ ಇಂಗ್ಲಿಷ್ ಸರಣಿಯನ್ನು ನೋಡಿದ ಮೇಲೆ ಮನವರಿಕೆಯಾಯಿತು. ಇಲ್ಲಿಯ ‘ಹೂ’ ನಮ್ಮ ತೋಟದ ಹೂವಲ್ಲ. ‘ಯಾರು’ ಎಂಬ ಇಂಗ್ಲಿಷ್ ಪ್ರಶ್ನೆ. ಹೆಸರು ಹೇಳಿಕೊಳ್ಳದ ಡಾಕ್ಟರನೊಬ್ಬನು ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕುಳಿತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಸಂಚರಿಸುವುದೇ ಇದರ ಕಥಾವಸ್ತು. ಆ ಪೆಟ್ಟಿಗೆ ಹೊರಗಿನಿಂದ ಚಿಕ್ಕದು, ಒಳಗೆ ಬಹು ವಿಶಾಲವಾದುದು.

ಬಿ.ಬಿ.ಸಿ. ಸಂಸ್ಥೆಯು ಇದನ್ನು 1963ನೆಯ ನವೆಂಬರ್ 23ರಂದು ಮೊದಲು ಪ್ರಸಾರ ಮಾಡಿತು. ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಗಿತ್ತು. ಜನರ ಮನಸ್ಸು ಬೇರೆಡೆಗಿದ್ದುದರಿಂದ ಮರುವಾರ ಮೊದಲ ಕಂತನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಸರಣಿಯ ಕಲ್ಪನೆಗೆ ಮುಖ್ಯ ಕಾರಣರಾದವರು ಕೆನಡಾದ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗ ಇಪ್ಪತ್ತೇಳು ವರ್ಷದವರು. ಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು. ಅವರ ವಯಸ್ಸು ಇಪ್ಪತ್ತನಾಲ್ಕು. ನಮಗಿಂತ ನಾಲ್ಕೈದು ವರ್ಷ ಮಾತ್ರ ಹಿರಿಯರಾಗಿದ್ದ ಒಬ್ಬರಿಗೆ ಇಷ್ಟು ದೊಡ್ಡ ಹೊಣೆ ಬಂದಿತ್ತೆಂಬುದು ನಮ್ಮಂತಹ ವಿದ್ಯಾರ್ಥಿಗಳಿಗೆ ಉತ್ತೇಜನಕಾರಿಯಲ್ಲವೆ?

ಮಕ್ಕಳಿಗೆ ಚರಿತ್ರೆಯನ್ನೂ ವಿಜ್ಞಾನವನ್ನೂ ಕಲಿಸಬೇಕೆಂಬುದು ಸರಣಿಯ ಮೂಲೋದ್ದೇಶಗಳಲ್ಲೊಂದು. ಆದ್ದರಿಂದಲೇ ಡಾಕ್ಟರನ ಮೊದಲ ಸಂಗಡಿಗರಲ್ಲಿ ಒಬ್ಬರು ಚರಿತ್ರೆಯ ಉಪಾಧ್ಯಾಯಿನಿ, ಇನ್ನೊಬ್ಬರು ವಿಜ್ಞಾನದ ಉಪಾಧ್ಯಾಯರು. ವಿಕಾರ ಪ್ರಾಣಿಗಳ ಕತೆ ಬೇಡವೆಂದು ನ್ಯೂಮನ್ನರ ಅಭಿಪ್ರಾಯವಿತ್ತು. ಆದರೆ ಅದೇ ಡಿಸೆಂಬರಿನಲ್ಲಿ ಟೆರಿ ನೇಷನ್ ಬರೆದ ಕತೆಯಲ್ಲಿ ‘ಡಾಲೆಕ್’ ಎಂಬ ಲೋಹಕವಚದ ವೈರಿಗಳು ಬಂದವು, ಸರಣಿ ಮನೆಮಾತಾಯಿತು.

ಡಾಕ್ಟರನ ಪಾತ್ರ ವಹಿಸಿದ್ದ ವಿಲಿಯಂ ಹಾರ್ಟ್‌ನೆಲ್ಲರ ಆರೋಗ್ಯ 1966ರ ಹೊತ್ತಿಗೆ ಕೆಟ್ಟಿತು. ನಾಯಕನಿಲ್ಲದೆ ಕತೆ ನಡೆಯುವುದೆಂತು? ಡಾಕ್ಟರನು ಮನುಷ್ಯನಲ್ಲ, ಸಾಯುವ ಬದಲು ಹೊಸ ದೇಹ ತಾಳಬಲ್ಲನು ಎಂದು ಲೇಖಕರು ಕಲ್ಪಿಸಿದರು. ಪ್ಯಾಟ್ರಿಕ್ ಟ್ರೌಟನ್ ಆ ಪಾತ್ರಕ್ಕೆ ಬಂದರು. ಒಬ್ಬ ನಟನ ಅಸ್ವಾಸ್ಥ್ಯಕ್ಕಾಗಿ ಹುಡುಕಿದ ಈ ಉಪಾಯವೇ ಸರಣಿಯ ದೀರ್ಘಾಯುಷ್ಯಕ್ಕೆ ಕಾರಣವಾಯಿತೆಂದು ನನ್ನ ಎಣಿಕೆ.

ಇನ್ನು ದುಃಖದ ಸಂಗತಿ. ಆ ಕಾಲದಲ್ಲಿ ವಿಡಿಯೋ ಟೇಪು ಬಹಳ ದುಬಾರಿ. ಹಳೆಯ ಕಾರ್ಯಕ್ರಮಗಳನ್ನು ಮತ್ತೆ ಯಾರು ನೋಡುವರೆಂದು ಬಗೆದು ಬಿ.ಬಿ.ಸಿ.ಯವರು ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು. ಹಲವು ಫಿಲ್ಮ್ ಪ್ರತಿಗಳನ್ನೂ ನಾಶಮಾಡಿದರು. 1978ರಲ್ಲಿ ಈ ಪದ್ಧತಿ ನಿಲ್ಲುವ ವೇಳೆಗೆ ಆರಂಭದ ಆರು ವರ್ಷಗಳ ಅನೇಕ ಕಂತುಗಳು ಅವರ ಭಂಡಾರದಲ್ಲಿ ಇರಲಿಲ್ಲ. ಹುಸೇನರು ಬಹುಪಾಲು ನಿರ್ದೇಶಿಸಿದ, 1964ರ ‘ಮಾರ್ಕೋ ಪೋಲೋ’ ಎಂಬ ಏಳು ಕಂತಿನ ಕತೆಯೂ ಹೀಗೆಯೇ ಹೋಯಿತು.

ಸಂಸ್ಥೆಯು ಬೇಡವೆಂದು ಬಿಟ್ಟುದನ್ನು ಸಾಮಾನ್ಯ ಪ್ರೇಕ್ಷಕರು ಕಾಪಾಡಿದ್ದರು! ಕೆಲವು ಹುಡುಗರು ಪ್ರಸಾರದ ಹೊತ್ತಿಗೆ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಧ್ವನಿಯನ್ನು ಹಿಡಿದಿಟ್ಟಿದ್ದರು. ಅದರಿಂದ ಕಳೆದುಹೋದ ಕಂತುಗಳೆಲ್ಲದರ ಧ್ವನಿಯೂ ಇಂದು ಉಳಿದಿದೆ. ಅದಕ್ಕೆ ಅನಿಮೇಷನ್ ಚಿತ್ರ ಜೋಡಿಸಿ ಕೆಲವು ಕತೆಗಳನ್ನು ಮತ್ತೆ ಹೊರತಂದಿದ್ದಾರೆ. ಪರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳೂ ಆಗಾಗ ದೊರೆತವು. ನೈಜೀರಿಯಾ ದೇಶದಲ್ಲಿ ಸಿಕ್ಕ ಒಂಬತ್ತು ಕಂತುಗಳ ಸುದ್ದಿ 2013ರಲ್ಲಿ ಪ್ರಕಟವಾಯಿತು.

1989ರಲ್ಲಿ ಸರಣಿ ನಿಂತಿತು. 1996ರ ಒಂದು ಚಿತ್ರದ ಹೊರತು ಹದಿನಾರು ವರ್ಷ ಟೆಲಿವಿಷನ್ನಿನಲ್ಲಿ ಹೊಸ ಕತೆ ಬರಲಿಲ್ಲ. 2005ರಲ್ಲಿ ಅದನ್ನು ಮತ್ತೆ ಎಬ್ಬಿಸಿದ ಲೇಖಕ ರಸೆಲ್ ಟಿ. ಡೇವಿಸ್ ಬಾಲ್ಯದಲ್ಲಿ ಇದೇ ಸರಣಿಯನ್ನು ನೋಡಿ ಬೆಳೆದವರು. ಪೂರ್ಣ ಸರಣಿಯೊಂದರಲ್ಲಿ ಮಹಿಳೆಯೊಬ್ಬರು, ಜೋಡಿ ವಿಟ್ಟೇಕರ್, ಡಾಕ್ಟರ್ ಆಗಿ ಮೊದಲು ಅಭಿನಯಿಸಿದುದು 2018ರಲ್ಲಿ.

ಇದನ್ನೆಲ್ಲ ಓದುವಾಗ ಬಿ.ಬಿ.ಸಿ.ಯವರ ಮೇಲೆ ನನಗೆ ಕೋಪ ಬಂದಿತು. ಆದರೆ ಆ ಕೋಪ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದು ಬಾರದ ನನ್ನ ಅಜ್ಜಿಗೆ ಬೀಸುವ ಪದಗಳು ಎಷ್ಟೋ ಬರುತ್ತಿದ್ದವು. ಒಂದು ದಿನ ಅವುಗಳಲ್ಲಿ ನಾಲ್ಕನ್ನು ಮೊಬೈಲಿನಲ್ಲಿ ಹಿಡಿದಿದ್ದೆನು. ಮುಂದೆ ಸಿನಿಮಾ ಒಂದಕ್ಕೆ ಜಾಗ ಸಾಲದೆ ಅವನ್ನು ಅಳಿಸಿದೆನು; ಅಜ್ಜಿ ಇದ್ದೇ ಇರುವಳಲ್ಲ, ಮತ್ತೆ ಹಾಡಿಸಿದರಾಯಿತು ಎಂದುಕೊಂಡೆನು. ಕಳೆದ ವರ್ಷ ಅಜ್ಜಿ ತೀರಿಕೊಂಡಳು.

ಅಗ್ಗವೆಂದು ತೋರಿದುದನ್ನು ಅಳಿಸುವವರು ದುಷ್ಟರಲ್ಲ. ನಾಳೆಯ ಬೆಲೆಯನ್ನು ಇಂದು ಅರಿಯದವರು ಅಷ್ಟೆ. ಅವ್ವನಿಗೆ ಅಜ್ಜಿಯ ಪದಗಳಲ್ಲಿ ಕೆಲವು ಅರ್ಧರ್ಧ ನೆನಪಿವೆ. ಪರೀಕ್ಷೆ ಮುಗಿದೊಡನೆ ಊರಿಗೆ ಹೋಗಿ, ಅವ್ವನ ಪಕ್ಕದಲ್ಲಿ ಕುಳಿತು, ಅಷ್ಟನ್ನಾದರೂ ಬರೆದುಕೊಳ್ಳಬೇಕೆಂದಿದ್ದೇನೆ. ಸಹಪಾಠಿಗಳೇ, ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರು ಇದ್ದರೆ ರಜೆಯನ್ನು ಕಾಯಬೇಡಿರಿ.