ಸಿಗ್ನಲ್‌ನಲ್ಲಿ ನಿಂತರೆ ಹಳೆಯ ಎಂಪಿಎಫ್‌ಐ ಕಾರು ಏಕೆ ಆಫ್ ಆಗುತ್ತದೆ?

ಪ್ರಶ್ನೆ: ನನ್ನದು 2004ರ ಮಾರುತಿ 800, ಎಂಪಿಎಫ್‌ಐ. ಮಾಗಡಿ ರಸ್ತೆಯಲ್ಲಿ ಹೊರಟು ಸುಮನಹಳ್ಳಿ ಜಂಕ್ಷನ್‌ನಲ್ಲಿ ನಿಂತರೆ ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಓಡುವಾಗ ಏನೂ ತೊಂದರೆಯಿಲ್ಲ. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿಕೊಟ್ಟರು. ಕೆಲವೇ ದಿನಕ್ಕೆ ಮತ್ತೆ ಮೊದಲಿನಂತಾಯಿತು. ಈಗ ಸೆನ್ಸರ್‌ಗಳನ್ನೆಲ್ಲ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಬದಲಾಯಿಸಲೇಬೇಕೆ?
– ಓದುಗರು, ಕಾಮಾಕ್ಷಿಪಾಳ್ಯ

ಉತ್ತರ: ದುಡ್ಡು ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನೀವು ಕೇಳಿದ್ದರಲ್ಲಿ ಎರಡು ಸಂದೇಹಗಳಿವೆ. ಓಡುವಾಗ ಸರಿಯಿರುವ ಎಂಜಿನ್ ನಿಂತಾಗ ಮಾತ್ರ ಏಕೆ ಕೈಕೊಡುತ್ತದೆ? ತಪ್ಪು ಸೆನ್ಸರ್‌ನದೇ?

ಅದಕ್ಕೂ ಮೊದಲು ಆ ಸ್ಕ್ರೂ ವಿಷಯ ಹೇಳಬೇಕು. ಇದರಲ್ಲಿ ಗೊಂದಲವಾಗುವುದು ಸಹಜ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಸ್ಕ್ರೂ ತಿರುಗಿಸಿಯೇ ಐಡ್ಲಿಂಗ್ ಸರಿಮಾಡುತ್ತಿದ್ದರು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಬಂದರೆ, ಇಲ್ಲಿನ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಮತ್ತೆ ಟ್ಯೂನಿಂಗ್ ಬೇಕಾಗುತ್ತಿತ್ತು. ನಿಮ್ಮ ಗಾಡಿಯಲ್ಲಿ ಆ ಲೆಕ್ಕವೆಲ್ಲ ಇಸಿಯು ಎಂಬ ಕಂಪ್ಯೂಟರ್‌ನದು. ಮೆಕ್ಯಾನಿಕ್ ತಿರುಗಿಸಿದ್ದು ಬಹುಶಃ ಥ್ರಾಟಲ್ ತಟ್ಟೆ ಎಲ್ಲಿಯವರೆಗೆ ಮುಚ್ಚಬೇಕು ಎಂದು ಕಾರ್ಖಾನೆಯಲ್ಲೇ ನಿಗದಿ ಮಾಡಿಟ್ಟ ಸ್ಕ್ರೂ. ಅದನ್ನು ಕದಲಿಸಿದರೆ ಥ್ರಾಟಲ್ ಪೂರ್ತಿ ಮುಚ್ಚಿದೆಯೋ ಇಲ್ಲವೋ ಎಂಬುದೇ ಇಸಿಯುಗೆ ತಿಳಿಯದಂತಾಗುತ್ತದೆ. ಮೊದಲಿದ್ದ ಜಾಗಕ್ಕೇ ಅದನ್ನು ತರಿಸಿ. ಇಲ್ಲದಿದ್ದರೆ ಮುಂದೆ ಮಾಡುವ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಈಗ ಮೊದಲ ಸಂದೇಹಕ್ಕೆ ಬರೋಣ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ. ಎಂಜಿನ್‌ಗೆ ಬೇಕಾದ ಚೂರು ಗಾಳಿ ಪಕ್ಕದ ಸಣ್ಣ ದಾರಿಯಿಂದ ಹೋಗುತ್ತದೆ. ಅಲ್ಲಿರುವುದೇ ಐಡಲ್ ಏರ್ ಕಂಟ್ರೋಲ್ ವಾಲ್ವ್. ಎಸಿ ಹಾಕಿದಾಗ ಎಂಜಿನ್ ಕುಸಿಯದಂತೆ ಇಸಿಯು ಈ ವಾಲ್ವನ್ನು ಇನ್ನಷ್ಟು ತೆರೆಸುತ್ತದೆ. ಓಡುವಾಗ ಒಳಗೆ ಹೋಗುವ ಗಾಳಿ ಹೇರಳವಾಗಿರುವುದರಿಂದ ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ನಿಂತಾಗ ಗಾಳಿ ತೀರ ಕಡಿಮೆ. ಆಗ ಅದೇ ಸೋರಿಕೆ ಇಡೀ ಲೆಕ್ಕ ಕೆಡಿಸುತ್ತದೆ.

ನೀವು ಹೇಳುವ ಏರಿಳಿತ ಹುಟ್ಟುವುದು ಹೀಗೆ. ಬಿರುಕುಬಿಟ್ಟ ಪೈಪಿನಿಂದ ಗಾಳಿ ಒಳಗೆ ನುಗ್ಗಿದರೆ ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಯ ಮ್ಯಾಪ್ ಸೆನ್ಸರ್ ಅದನ್ನು ಹೆಚ್ಚಿದ ಒತ್ತಡವಾಗಿ ಅಳೆಯುತ್ತದೆ, ಇಸಿಯು ತಕ್ಕಷ್ಟು ಪೆಟ್ರೋಲ್ ಸೇರಿಸುತ್ತದೆ, ಎಂಜಿನ್ ರೇಸ್ ಆಗುತ್ತದೆ. ಆದರೆ ಥ್ರಾಟಲ್ ಮುಚ್ಚಿದೆ. ಹಾಗಾಗಿ ಚಾಲಕ ಕಾಲು ತೆಗೆದಿದ್ದಾನೆ, ಗಾಡಿ ಇಳಿಜಾರಿನಲ್ಲೋ ಗೇರ್‌ನಲ್ಲೋ ಉರುಳುತ್ತಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಕುಸಿಯುತ್ತದೆ. ಮತ್ತೆ ಪೆಟ್ರೋಲ್ ಕೊಡುತ್ತದೆ, ಮತ್ತೆ ರೇಸ್. ಕುಸಿದಾಗ ಸಾವರಿಸಿಕೊಳ್ಳಲು ಆಗದಿದ್ದರೆ ಆಫ್. ಇಲ್ಲಿ ಸೆನ್ಸರ್ ತಾನು ಕಂಡದ್ದನ್ನು ಸರಿಯಾಗಿಯೇ ಹೇಳುತ್ತಿದೆ. ಅದನ್ನು ಬದಲಾಯಿಸಿ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಹುಡುಕಬೇಕಾದದ್ದು ಗಾಳಿ ಸೋರಿಕೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಫ್ಯಾನ್ ಬೆಲ್ಟ್‌ನಿಂದ ಕೈ ದೂರವಿಟ್ಟು ಕಿವಿಗೊಡಿ. ಸುಂಯ್ ಎಂಬ ಸದ್ದು ಬರುತ್ತಿದೆಯೇ ಕೇಳಿ. ಮ್ಯಾನಿಫೋಲ್ಡ್‌ಗೆ ಸೇರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಮುಚ್ಚಿ. ಯಾವುದನ್ನು ಒತ್ತಿದಾಗ ಏರಿಳಿತ ನಿಲ್ಲುತ್ತದೋ ಆ ಪೈಪನ್ನು ಬಿಚ್ಚಿ ತುದಿ ನೋಡಿ. ಇಪ್ಪತ್ತು ವರ್ಷದ ರಬ್ಬರ್ ಕ್ಲಿಪ್ ಕೂರುವ ಜಾಗದಲ್ಲೇ ಕೂದಲೆಳೆಯಷ್ಟು ಸೀಳಿರುತ್ತದೆ, ಬಗ್ಗಿಸಿದರೆ ಮಾತ್ರ ಕಾಣುತ್ತದೆ. ಗಾಡಿ ರಸ್ತೆಬದಿಯಲ್ಲೇ ನಿಲ್ಲುವುದಾದರೆ ಇಲಿ ಕಡಿದಿರುವುದೂ ಉಂಟು. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನು ಮರೆಯಬೇಡಿ. ಅದು ಸೋರುತ್ತಿದ್ದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗುತ್ತದೆ, ಹಾಗಿದ್ದರೆ ರಿಪೇರಿಯಾಗುವವರೆಗೆ ಗಾಡಿ ತೆಗೆಯಬೇಡಿ. ಸೋರಿಕೆ ಹುಡುಕಲೆಂದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಬೆಂಕಿ ಹತ್ತುತ್ತದೆ.

ಪೈಪುಗಳೆಲ್ಲ ಚೆನ್ನಾಗಿದ್ದರೆ ಥ್ರಾಟಲ್ ಬಾಡಿ ನೋಡಿ. ಎಂಜಿನ್ ಆಫ್ ಮಾಡಿ ಏರ್ ಪೈಪ್ ಬಿಚ್ಚಿದರೆ ತಟ್ಟೆಯ ಅಂಚಿನ ಸುತ್ತ ಕಪ್ಪು ಜಿಡ್ಡಿನ ಉಂಗುರ ಕಾಣುತ್ತದೆ. ನಿಮ್ಮ ಸುತ್ತಮುತ್ತ ಲೇತು, ಗ್ರೈಂಡಿಂಗ್ ಶೆಡ್ಡುಗಳು ಬಹಳ, ಏರ್ ಫಿಲ್ಟರ್ ಬೇಗ ಕಟ್ಟುವುದು ನಿಜ. ಆದರೆ ಈ ಜಿಡ್ಡು ಬಹುಪಾಲು ಎಂಜಿನ್ ಒಳಗಿನ ಎಣ್ಣೆ ಆವಿಯದು. ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ಒರೆಸಿ, ಐಡಲ್ ವಾಲ್ವ್‌ನ ದಾರಿಯನ್ನೂ ಶುಚಿ ಮಾಡಿಸಿ. ಶುಚಿಯಾದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್ ಹೆಚ್ಚಿರಬಹುದು, ಇಸಿಯು ಹೊಂದಿಕೊಳ್ಳಲು ಬಿಡಿ.

ಬಿಸಿಯಾದ ಮೇಲೂ ಐಡ್ಲಿಂಗ್ ಒಂದೇ ಸಮ ಮೇಲೆ ನಿಂತರೆ ಕೂಲಂಟ್ ಮಟ್ಟ, ಆಮೇಲೆ ಕೂಲಂಟ್ ಸೆನ್ಸರ್ ನೋಡಿಸಿ. ಬರೀ ನಡುಗಿದರೆ ಪ್ಲಗ್, ಎಚ್‌ಟಿ ಕಾರ್ಡ್, ಎಂಜಿನ್ ಮೌಂಟಿಂಗ್. ಮೂರು ಸಿಲಿಂಡರ್‌ನ ಗಾಡಿ ನಾಲ್ಕರದಕ್ಕಿಂತ ತುಸು ಹೆಚ್ಚು ನಡುಗುವುದು ಅದರ ಸ್ವಭಾವ.

ಇಸಿಯು ದಾಖಲಿಸಿದ ದೋಷಗಳನ್ನು ಓದಲು ಆನ್‌ಲೈನ್‌ನಲ್ಲಿ ಸಿಗುವ ಓಬಿಡಿ ಡಾಂಗಲ್ ನಿಮ್ಮ ಗಾಡಿಗೆ ಆಗುತ್ತದೆ ಎಂಬ ಭರವಸೆಯಿಲ್ಲ. ನಮ್ಮಲ್ಲಿ ಓಬಿಡಿ ಕಡ್ಡಾಯವಾದದ್ದು ಬಿಎಸ್-4 ಜೊತೆಗೆ, 2010ರಿಂದ ಈಚೆಗೆ. ಅದಕ್ಕಿಂತ ಸುಲಭದ ಸುಳಿವು ನಿಮ್ಮ ಎಮಿಷನ್ ಟೆಸ್ಟ್ ಚೀಟಿಯಲ್ಲೇ ಇದೆ, ಏಕೆಂದರೆ ಆ ಪರೀಕ್ಷೆ ನಡೆಯುವುದು ಐಡ್ಲಿಂಗ್‌ನಲ್ಲೇ. ನಿಮ್ಮಂಥ ಬಿಎಸ್-2 ಪೆಟ್ರೋಲ್ ಕಾರಿಗೆ ಮಿತಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ. 0.5, ಎಚ್‌ಸಿ (ಹೈಡ್ರೋಕಾರ್ಬನ್) 750 ಪಿಪಿಎಂ. ಸಿಒ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಸುರಿಯುತ್ತಿದೆ. ಸಿಒ ಕಡಿಮೆಯಿದ್ದು ಎಚ್‌ಸಿ ಮಾತ್ರ ಏರಿದ್ದರೆ ಎಲ್ಲೋ ಮಿಸ್ಸಿಂಗ್ ಇದೆ, ಪ್ಲಗ್ ಕಡೆ ಮೊದಲು ನೋಡಿ. ಆ ಚೀಟಿಯನ್ನು ಮೆಕ್ಯಾನಿಕ್‌ಗೆ ತೋರಿಸಿ.

ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಐಡಲ್ ವಾಲ್ವ್ ಪರೀಕ್ಷೆ ಮಾಡಿಸಿ, ಕೆಟ್ಟಿದ್ದರೆ ಅದೊಂದನ್ನೇ ಬದಲಾಯಿಸಿ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಬಿಚ್ಚಿದ ಹಳೆಯ ವಾಲ್ವನ್ನು ಜೊತೆಗೆ ಒಯ್ಯಿರಿ. ಸಾಕೆಟ್‌ನ ಪಿನ್ನುಗಳು ಎರಡರಲ್ಲೂ ಒಂದೇ ಬಗೆಯವೇ ಎಂದು ಅಂಗಡಿಯಲ್ಲೇ ಹೋಲಿಸಿ ನೋಡಿ ತನ್ನಿ.