ಮನೆಮಾರು ಒತ್ತೆಯಿಟ್ಟು ಕಟ್ಟಿದ ಸೇತುವೆ

ಕ್ಯಾಲೆಂಡರುಗಳಲ್ಲಿಯೂ ಭೂಗೋಳದ ಪುಸ್ತಕಗಳಲ್ಲಿಯೂ ಮತ್ತೆ ಮತ್ತೆ ಕಾಣಸಿಗುವ ಸೇತುವೆಯೊಂದುಂಟು. ಮಂಜಿನ ನಡುವಿನಿಂದ ತಲೆಯೆತ್ತಿ ನಿಂತ ಎರಡು ಕೆಂಬಣ್ಣದ ಗೋಪುರಗಳು. ಅವುಗಳ ನೆತ್ತಿಯಿಂದ ಉಯ್ಯಾಲೆಯ ಹಗ್ಗದಂತೆ ಇಳಿದು ಮತ್ತೆ ಏರುವ ಎರಡು ದಪ್ಪ ಉಕ್ಕಿನ ಹೊರಜಿಗಳು. ಆ ಹೊರಜಿಗಳಿಗೆ ತೂಗುಬಿದ್ದ ಹೆದ್ದಾರಿ. ಅದೇ ಅಮೆರಿಕದ ಗೋಲ್ಡನ್ ಗೇಟ್ ಸೇತುವೆ. ಅದರ ಎರಡು ಗೋಪುರಗಳ ನಡುವಣ ಅಂತರ 1,280 ಮೀಟರು. 1937ರಲ್ಲಿ ಅದು ಮುಗಿದಾಗ ಅಷ್ಟು ದೂರವನ್ನು ಒಂದೇ ನೆಗೆತದಲ್ಲಿ ದಾಟಿದ ತೂಗುಸೇತುವೆ ಜಗತ್ತಿನಲ್ಲಿ ಮತ್ತೊಂದಿರಲಿಲ್ಲ. ನೋಡಿದವರು ಅದನ್ನು ಕಟ್ಟಿದ ಎಂಜಿನಿಯರುಗಳನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ. ಆದರೆ ಕಬ್ಬಿಣ ಬರುವ ಮುನ್ನ ಹಣ ಬರಬೇಕಾಗಿತ್ತು. ಕಂಬ ನಿಲ್ಲುವ ಮುನ್ನ ನೆಲ ಸಿಗಬೇಕಾಗಿತ್ತು. ಇವೆರಡನ್ನು ದೊರಕಿಸಿಕೊಳ್ಳಲು ಹಿಡಿದ ಕಾಲವು ಸೇತುವೆಯನ್ನು ಕಟ್ಟಲು ಹಿಡಿದ ಕಾಲದ ಎರಡರಷ್ಟು.

ಸ್ಯಾನ್ ಫ್ರಾನ್ಸಿಸ್ಕೋ ನಗರವು ಮೂರು ಕಡೆ ನೀರಿನಿಂದ ಆವೃತವಾಗಿದೆ. ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ, ಪೂರ್ವಕ್ಕೆ ವಿಶಾಲವಾದ ಕೊಲ್ಲಿ, ಉತ್ತರಕ್ಕೆ ಇವೆರಡನ್ನೂ ಕೂಡಿಸುವ ಕಿರಿದಾದ ಜಲಸಂಧಿ. ಈ ಜಲಸಂಧಿಗೆ 1846ರಲ್ಲಿ ಜಾನ್ ಫ್ರೆಮಾಂಟ್ ಎಂಬ ಸೇನಾಧಿಕಾರಿಯು ‘ಚಿನ್ನದ ಬಾಗಿಲು’ ಎಂಬ ಅರ್ಥ ಕೊಡುವ ಹೆಸರನ್ನಿಟ್ಟನು. ಆ ಸೀಮೆಯಲ್ಲಿ ಚಿನ್ನ ಸಿಕ್ಕಿದ್ದು ಅದಾದ ಎರಡು ವರ್ಷಗಳ ಮೇಲೆ ಎಂಬುದು ಒಂದು ಸ್ವಾರಸ್ಯ. ಜಲಸಂಧಿಯ ಅತಿ ಕಿರಿದಾದ ಭಾಗದ ಅಗಲ ಸುಮಾರು ಒಂದು ಮೈಲಿ. ಆಚೆಯ ದಡದಲ್ಲಿ ಮರೀನ್, ಸೊನೋಮಾ ಮೊದಲಾದ ಕೌಂಟಿಗಳು, ಎಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು. ಅಲ್ಲಿನ ಜನ ಹೆಚ್ಚಾಗಿ ಹಣ್ಣು, ಹಾಲು, ಕೋಳಿಮೊಟ್ಟೆಗಳನ್ನು ಮಾರಿ ಬದುಕುವ ಒಕ್ಕಲುಮಕ್ಕಳು. ಅವರ ಮಾಲಿಗೆ ಪೇಟೆ ಎದುರಿನ ನಗರ. ಕಣ್ಣಿಗೆ ಕಾಣುವ ಆ ಪೇಟೆಯನ್ನು ಮುಟ್ಟಲು ದೊಡ್ಡ ದಾಟುದೋಣಿಗಳಲ್ಲಿ ಸುಮಾರು ಅರ್ಧ ಗಂಟೆಯ ಪಯಣ. ರಜಾದಿನಗಳ ಸಂಜೆ ದೋಣಿಗೆ ಕಾಯುವುದಕ್ಕೇ ಹಲವು ಗಂಟೆಗಳು. ಮೋಟಾರುಗಾಡಿಗಳು ಹೆಚ್ಚಿದಂತೆಲ್ಲ ಧಕ್ಕೆಯ ಮುಂದಿನ ಗಾಡಿಗಳ ಸಾಲೂ ಉದ್ದವಾಗುತ್ತ ಹೋಯಿತು. ದೋಣಿ ನಡೆಸುತ್ತಿದ್ದವರ ಲಾಭವೂ ಅದರೊಡನೆ ಬೆಳೆಯಿತೆಂದು ಬೇರೆ ಹೇಳಬೇಕಾಗಿಲ್ಲ.

1916ರಲ್ಲಿ ಜೇಮ್ಸ್ ವಿಲ್ಕಿನ್ಸ್ ಎಂಬ ಪತ್ರಿಕೋದ್ಯಮಿಯು ಈ ಜಲಸಂಧಿಗೆ ಸೇತುವೆ ಬೇಕೆಂದು ಬರೆಯತೊಡಗಿದನು. ನಗರದ ಮುಖ್ಯ ಎಂಜಿನಿಯರಾದ ಓಶಾನೆಸಿಯು ಬಲ್ಲವರನ್ನು ವಿಚಾರಿಸಿದಾಗ ಹತ್ತು ಕೋಟಿ ಡಾಲರು ಸುರಿದರೂ ಆಗದ ಕೆಲಸವೆಂದು ಹೇಳಿದವರೇ ಹೆಚ್ಚು. ಕಡಲಿನ ಸೆಳೆತ, ಬಿರುಗಾಳಿ, ಮಂಜು, ಜೊತೆಗೆ ಭೂಕಂಪದ ನೆಲ. 1906ರ ಭೂಕಂಪದಲ್ಲಿ ನಗರವೇ ನೆಲಕಚ್ಚಿದ್ದನ್ನು ಆಗ ಯಾರೂ ಮರೆತಿರಲಿಲ್ಲ. ಷಿಕಾಗೋದ ಜೋಸೆಫ್ ಸ್ಟ್ರಾಸ್ ಎಂಬ ಎಂಜಿನಿಯರು ಮಾತ್ರ ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರಿನಲ್ಲಿ ಕಟ್ಟಬಹುದೆಂದು 1921ರಲ್ಲಿ ನಕ್ಷೆಯೊಡನೆ ಲೆಕ್ಕ ಕೊಟ್ಟನು. ಆ ನಕ್ಷೆ ಅಂದವಾಗಿರಲಿಲ್ಲ. ಮುಂದೆ ಅದನ್ನು ಕೈಬಿಡಲಾಯಿತು. ಲೆಕ್ಕವೂ ನಿಲ್ಲಲಿಲ್ಲ, ಕೊನೆಗೆ ಅದು ಎರಡರಷ್ಟಾಯಿತು. ಆದರೂ ‘ಆಗದು’ ಎಂಬ ಮಾತು ‘ಎಷ್ಟಾದೀತು?’ ಎಂಬ ಪ್ರಶ್ನೆಗೆ ತಿರುಗಿದ್ದು ಆ ಲೆಕ್ಕದಿಂದಲೇ.

ಹಣ ಕೊಡುವವರು ಯಾರು? ಒಕ್ಕೂಟದ ಸರ್ಕಾರ ಕೊಡಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯವೂ ಕೊಡಲಿಲ್ಲ. 1923ರ ಜನವರಿ 13ರಂದು ಸೊನೋಮಾ ಕೌಂಟಿಯ ಸಾಂತಾ ರೋಸಾ ಎಂಬ ಪಟ್ಟಣದಲ್ಲಿ ಫ್ರಾಂಕ್ ಡಾಯ್ಲ್ ಎಂಬ ಬ್ಯಾಂಕಿನ ಯಜಮಾನನು ಸುತ್ತಲಿನ ಕೌಂಟಿಗಳ ಮುಖಂಡರನ್ನು ಕರೆದು ಸಭೆ ಸೇರಿಸಿದನು. ಬೇರೆಯವರು ಕೊಡದಿದ್ದರೆ ತಾವೇ ಸಾಲ ಮಾಡಿ ಕಟ್ಟುವುದೆಂಬ ಯೋಚನೆ ಬಲಿತದ್ದು ಅಲ್ಲಿಂದ. ಅದೇ ವರ್ಷದ ಮೇ ತಿಂಗಳಿನಲ್ಲಿ ರಾಜ್ಯದ ಶಾಸನಸಭೆಯು ಒಂದು ಕಾಯಿದೆಯನ್ನು ಮಾಡಿತು. ಇಷ್ಟವಿದ್ದ ಕೌಂಟಿಗಳು ಒಟ್ಟುಗೂಡಿ ಸೇತುವೆ ಹಾಗೂ ಹೆದ್ದಾರಿಯ ಮಂಡಲವೊಂದನ್ನು ರಚಿಸಿಕೊಳ್ಳಬಹುದು. ಆ ಮಂಡಲವು ಸಾಲವೆತ್ತಬಹುದು, ಸೇತುವೆ ಕಟ್ಟಬಹುದು, ದಾಟುವವರಿಂದ ಸುಂಕ ವಸೂಲು ಮಾಡಬಹುದು ಎಂಬುದು ಅದರ ತಾತ್ಪರ್ಯ.

ಈ ಸಾಲದ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಮಂಡಲವು ಸಾಲಪತ್ರಗಳನ್ನು, ಎಂದರೆ ಬಾಂಡುಗಳನ್ನು ಹೊರಡಿಸುತ್ತದೆ. ಹಣವಂತರೂ ಬ್ಯಾಂಕುಗಳೂ ಅವನ್ನು ಕೊಳ್ಳುತ್ತಾರೆ. ಹಾಗೆ ಬಂದ ಹಣದಿಂದ ಸೇತುವೆ ಏಳುತ್ತದೆ. ಆಮೇಲೆ ಸುಂಕದ ಆದಾಯದಿಂದ ವರ್ಷವರ್ಷವೂ ಬಡ್ಡಿಯನ್ನೂ, ಗೊತ್ತಾದ ಅವಧಿಗೆ ಅಸಲನ್ನೂ ತೀರಿಸಬೇಕು. ಆದರೆ ಇನ್ನೂ ಕಟ್ಟದಿರುವ ಸೇತುವೆಯನ್ನು ನಂಬಿ ಸಾಲ ಕೊಡುವವರಾರು? ಸೇತುವೆ ಅರ್ಧಕ್ಕೆ ನಿಂತರೆ, ಇಲ್ಲವೆ ಭೂಕಂಪದಲ್ಲಿ ಬಿದ್ದರೆ ಸುಂಕವೆಲ್ಲಿಂದ ಬರಬೇಕು? ಆದ್ದರಿಂದ ಸಾಲಕ್ಕೆ ಬೇರೊಂದು ಆಧಾರ ಬೇಕಾಯಿತು. ಮಂಡಲದ ಎಲ್ಲೆಯೊಳಗಿನ ಜನರ ಮನೆ, ಹೊಲ, ತೋಟ, ಅಂಗಡಿಗಳೇ ಆ ಆಧಾರ. ಸುಂಕ ಸಾಲದೆ ಬಂದರೆ ಈ ಆಸ್ತಿಗಳ ಮೇಲೆ ತೆರಿಗೆ ಹಾಕಿ ಸಾಲವನ್ನು ತೀರಿಸಬೇಕು. ಒಬ್ಬೊಬ್ಬ ರೈತನೂ ಪತ್ರ ಬರೆದು ತನ್ನ ಹೊಲವನ್ನು ಅಡವಿಟ್ಟನೆಂದು ಇದರ ಅರ್ಥವಲ್ಲ. ಆದರೆ ಸೇತುವೆ ಕೈಕೊಟ್ಟರೆ ಅದರ ಹೊರೆ ಬೀಳುವುದು ತನ್ನ ಹೊಲದ ಮೇಲೆಯೇ ಎಂಬುದನ್ನು ಅವನು ಬಲ್ಲವನಾಗಿದ್ದನು.

ನೆಲದ ಸಮಸ್ಯೆ ಬೇರೆಯ ಬಗೆಯದು. ಸೇತುವೆ ನಿಲ್ಲಬೇಕಾಗಿದ್ದ ಎರಡು ದಡಗಳೂ ಸೈನ್ಯದ ವಶದಲ್ಲಿದ್ದವು. ದಕ್ಷಿಣಕ್ಕೆ 1776ರಲ್ಲಿ ಸ್ಪೇನಿನವರು ಸ್ಥಾಪಿಸಿದ ಪ್ರೆಸಿಡಿಯೋ ದಂಡು; ಉತ್ತರಕ್ಕೆ ಬೇಕರ್ ಕೋಟೆ. ನಡುವಿನ ನೀರು ದೊಡ್ಡ ಬಂದರೊಂದರ ಹೆಬ್ಬಾಗಿಲು. ಯುದ್ಧಕಾಲದಲ್ಲಿ ಶತ್ರುವು ಸೇತುವೆಯನ್ನು ಕೆಡವಿದರೆ ನೌಕಾಬಲವೆಲ್ಲ ಕೊಲ್ಲಿಯ ಒಳಗೆ ಸಿಕ್ಕಿಬೀಳುವುದೆಂದು ಸೈನ್ಯದವರು ಅಂಜಿದ್ದರು. ಖಾಸಗಿಯವರ ಭೂಮಿಯನ್ನು ಪರಿಹಾರ ಕೊಟ್ಟು ಪಡೆಯಬಹುದು. ಸೈನ್ಯದ ಭೂಮಿಯನ್ನು ಕೇಳಿ ಪಡೆಯಬೇಕೇ ಹೊರತು ಬೇರೆ ದಾರಿಯಿಲ್ಲ. 1924ರ ಡಿಸೆಂಬರಿನಲ್ಲಿ ಯುದ್ಧ ಇಲಾಖೆಯ ಕಾರ್ಯದರ್ಶಿ ಜಾನ್ ವೀಕ್ಸ್ ತಾತ್ಕಾಲಿಕ ಒಪ್ಪಿಗೆ ಕೊಟ್ಟನು. ಯುದ್ಧ ಬಂದಾಗ ಸೇತುವೆ ಸರ್ಕಾರದ ಹತೋಟಿಗೆ ಬರಬೇಕು. ಸರ್ಕಾರದ ವಾಹನಗಳು ಸುಂಕವಿಲ್ಲದೆ ದಾಟಬೇಕು. ದಂಡಿನ ಕಟ್ಟಡಗಳನ್ನು ಸ್ಥಳಾಂತರಿಸಬೇಕಾದರೆ ಅದರ ವೆಚ್ಚ ಸೇತುವೆಯವರದು. ಇವು ಅವನ ಷರತ್ತುಗಳಲ್ಲಿ ಮುಖ್ಯವಾದವು. ಕೊನೆಯ ಅನುಮತಿ ಕೈಸೇರಿದ್ದು 1930ರ ಆಗಸ್ಟಿನಲ್ಲಿ. ದಂಡಿನ ನೆಲದ ಮೇಲೆ ಸೇತುವೆಯತ್ತ ಹಾಕಿದ ರಸ್ತೆಗೆ ಸಾಂತಾ ರೋಸಾದ ಆ ಡಾಯ್ಲನ ಹೆಸರನ್ನೇ ಇಡಲಾಯಿತು.

ದಕ್ಷಿಣದ ದಡದಲ್ಲಿ, ಸೇತುವೆಯ ದಾರಿಗೆ ಸರಿಯಾಗಿ ಅಡ್ಡಲಾಗಿ, 1861ರಲ್ಲಿ ಮುಗಿದ ಇಟ್ಟಿಗೆಯ ಹಳೆಯ ಕೋಟೆಯೊಂದಿತ್ತು. ಅದರ ಹೆಸರು ಫೋರ್ಟ್ ಪಾಯಿಂಟ್. ಅದನ್ನು ಕೆಡವಿದರೆ ಕೆಲಸ ಸುಲಭವಾಗುತ್ತಿತ್ತು. ಸೈನ್ಯಕ್ಕೂ ಅದರಿಂದ ಅಂಥ ಉಪಯೋಗವಿರಲಿಲ್ಲ. ಆದರೆ ಅದರ ಗಾರೆಯ ಕೆಲಸವನ್ನು ಕಂಡ ಸ್ಟ್ರಾಸನಿಗೆ ಕೆಡವಲು ಮನಸ್ಸು ಬರಲಿಲ್ಲ. ಕೋಟೆಯ ಮೇಲಿನಿಂದ ಹಾದುಹೋಗುವಂತೆ ಉಕ್ಕಿನ ಕಮಾನೊಂದನ್ನು ಸೇರಿಸಿ ನಕ್ಷೆಯನ್ನು ತಿದ್ದಲಾಯಿತು. ಪಡೆದ ನೆಲದಲ್ಲಿದ್ದುದನ್ನೆಲ್ಲ ನೆಲಸಮ ಮಾಡುವುದು ಸಾಮಾನ್ಯವಾದ ಕಾಲದಲ್ಲಿ ಇದೊಂದು ಅಪರೂಪದ ಸಂಯಮ. ಆ ಕೋಟೆಯನ್ನು ಸೇತುವೆಯ ಬುಡದಲ್ಲಿ ಇಂದಿಗೂ ನೋಡಬಹುದು.

ಮಂಡಲ ರೂಪುಗೊಳ್ಳುವುದು ಸುಗಮವಾಗಲಿಲ್ಲ. ದೋಣಿಯ ವ್ಯಾಪಾರಿಗಳು ವಿರೋಧಿಸಿದರು, ಅದು ಸಹಜ. ಜಲಸಂಧಿಯ ಚೆಲುವು ಕೆಡುವುದೆಂದು ಪ್ರಕೃತಿಪ್ರಿಯರು ಕೊರಗಿದರು. ದಕ್ಷಿಣ ಗೋಪುರದ ಕೆಳಗಿನ ಬಂಡೆ ಭಾರ ತಾಳದೆಂದು ಹೆಸರುವಾಸಿಯಾದ ಭೂವಿಜ್ಞಾನಿಯೊಬ್ಬರು ವಾದಿಸಿದರು. ದೂರದ ಕೌಂಟಿಗಳ ಕೆಲವು ಭೂಮಾಲೀಕರ ತಕರಾರು ಇವೆಲ್ಲಕ್ಕಿಂತ ಗಟ್ಟಿಯಾದದ್ದು: ಸೇತುವೆಯನ್ನು ದಾಟದ ತಮ್ಮ ಭೂಮಿ ಅದರ ಸಾಲಕ್ಕೇಕೆ ಹೊಣೆಯಾಗಬೇಕು? ಇದು ತಳ್ಳಿಹಾಕುವ ಮಾತಲ್ಲ. ನ್ಯಾಯಾಲಯಗಳು ವರ್ಷಗಟ್ಟಲೆ ಇದನ್ನು ವಿಚಾರಿಸಿದವು. ನೇಪಾ ಮತ್ತು ಮೆಂಡೋಸಿನೋ ಕೌಂಟಿಗಳ ಕೆಲವು ಭಾಗಗಳು ಮಂಡಲದಿಂದ ಹೊರಗುಳಿದವು. 1928ರ ಡಿಸೆಂಬರ್ 4ರಂದು ಮಂಡಲವು ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂದಾಗ ಅದರಲ್ಲಿ ಈ ಎರಡು ಕೌಂಟಿಗಳ ಉಳಿದ ಭಾಗಗಳೂ, ಸ್ಯಾನ್ ಫ್ರಾನ್ಸಿಸ್ಕೋ, ಮರೀನ್, ಸೊನೋಮಾ, ಡೆಲ್ ನಾರ್ಟೆ ಕೌಂಟಿಗಳೂ ಇದ್ದವು. ಡೆಲ್ ನಾರ್ಟೆ ಇರುವುದು ರಾಜ್ಯದ ಉತ್ತರದ ತುತ್ತತುದಿಯಲ್ಲಿ. ಸೇತುವೆಗೂ ಅದಕ್ಕೂ ಐನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಹೆದ್ದಾರಿ ತೆರೆದುಕೊಂಡರೆ ತಮ್ಮ ಕಾಡುಸೀಮೆಗೂ ಜನ ಬಂದಾರೆಂಬ ಒಂದು ಆಸೆಯ ಮೇಲೆ ಅಲ್ಲಿನವರು ಹೊಣೆ ಹೊತ್ತರು.

ಮರುವರ್ಷವೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಬೆಳೆಯ ಬೆಲೆ ಬಿದ್ದಿತು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಮನೆಮಾರುಗಳನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ, 1930ರ ನವೆಂಬರ್ 4ರಂದು, ಮೂರೂವರೆ ಕೋಟಿ ಡಾಲರಿನ ಸಾಲಪತ್ರಗಳಿಗೆ ಆಸ್ತಿಯನ್ನು ಹೊಣೆಯಾಗಿಸಬಹುದೇ ಎಂದು ಮಂಡಲದ ಮತದಾರರನ್ನು ಕೇಳಲಾಯಿತು. ಒಪ್ಪಿದವರು 1,45,057 ಮಂದಿ. ಒಪ್ಪದವರು 46,954 ಮಂದಿ. ಒಪ್ಪಿದವರೆಲ್ಲರೂ ದೂರಾಲೋಚನೆಯಿಂದಲೇ ಒಪ್ಪಿದರೆನ್ನಲಾಗದು. ಕೂಲಿ ಸಿಕ್ಕೀತೆಂಬ ಆಸೆಯಿಂದ ಒಪ್ಪಿದವರೂ ಇದ್ದಿರಬೇಕು. ಹಸಿದ ಕಾಲದಲ್ಲಿ ಅದೇನು ಸಣ್ಣ ಕಾರಣವಲ್ಲ.

ಮತ ಬಂದಿತು, ಹಣ ಬರಲಿಲ್ಲ. ದೋಣಿ ಕಂಪನಿಯ ಬೆಂಬಲವಿದ್ದ ಎರಡು ಸಂಸ್ಥೆಗಳು ಸಾಲಪತ್ರಗಳ ಸಿಂಧುತ್ವವನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. ವ್ಯಾಜ್ಯದಲ್ಲಿರುವ ಪತ್ರಗಳನ್ನು ಕೊಳ್ಳಲು ಬ್ಯಾಂಕುಗಳು ಹಿಂಜರಿದವು. 1932ರ ಜುಲೈಯಲ್ಲಿ ತೀರ್ಪು ಮಂಡಲದ ಪರವಾಗಿ ಬಂದಿತು. ಜನರ ಆಕ್ರೋಶಕ್ಕೆ ಮಣಿದು ಎದುರಾಳಿಗಳು ಮೇಲ್ಮನವಿಯನ್ನು ಬಿಟ್ಟುಕೊಟ್ಟರು. ಆಗಲೂ ಮುಂದೆ ಬಂದವನು ಒಬ್ಬನೇ: ಬ್ಯಾಂಕ್ ಆಫ್ ಅಮೆರಿಕದ ಎ. ಪಿ. ಜಿಯಾನಿನಿ. ಇಟಲಿಯಿಂದ ವಲಸೆ ಬಂದ ದಂಪತಿಗಳ ಮಗನಾದ ಈತ ಎಳೆಯ ವಯಸ್ಸಿನಲ್ಲಿ ತರಕಾರಿ ಮಂಡಿಯಲ್ಲಿ ದುಡಿದವನು. 1906ರ ಭೂಕಂಪದ ಮರುದಿನಗಳಲ್ಲಿ, ದೊಡ್ಡ ಬ್ಯಾಂಕುಗಳ ಖಜಾನೆಗಳು ತೆರೆಯದಿದ್ದಾಗ, ಧಕ್ಕೆಯ ಬಳಿ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕುಳಿತು ಮನೆ ಕಟ್ಟಿಕೊಳ್ಳುವವರಿಗೆ ಸಾಲ ಹಂಚಿದವನು. ಸ್ಟ್ರಾಸ್ ಅವನಲ್ಲಿಗೆ ಹೋಗಿ ಸಹಾಯ ಬೇಡಿದನು. ಜಿಯಾನಿನಿ ಸಾಲಪತ್ರಗಳನ್ನು ಕೊಳ್ಳಲು ಒಪ್ಪಿದನು. 1933ರ ಜನವರಿ 5ರಂದು ನೆಲ ಅಗೆಯುವ ಕೆಲಸ ಆರಂಭವಾಯಿತು.

ಕಟ್ಟಿದ ಕಥೆ ಬೇರೆಡೆ ವಿಪುಲವಾಗಿ ಸಿಗುತ್ತದೆ. ಹಣಕ್ಕೆ ಸಂಬಂಧಿಸಿದ ಒಂದನ್ನು ಮಾತ್ರ ಇಲ್ಲಿ ಹೇಳಬೇಕು. ಹತ್ತು ಲಕ್ಷ ಡಾಲರಿನ ಕೆಲಸಕ್ಕೆ ಒಂದು ಪ್ರಾಣ ಹೋಗುವುದೆಂದು ಗುತ್ತಿಗೆದಾರರು ಲೆಕ್ಕ ಹಾಕುತ್ತಿದ್ದ ಕಾಲವದು. ಇಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ವೆಚ್ಚದಲ್ಲಿ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಲಾಯಿತು. ಕಾಲುಜಾರಿ ಬಿದ್ದ 19 ಮಂದಿ ಆ ಬಲೆಯಿಂದ ಬದುಕಿದರು. ಆದರೆ 1937ರ ಫೆಬ್ರವರಿ 17ರಂದು ಕೆಲಸದ ಅಟ್ಟಣೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಬಿದ್ದಾಗ ಹತ್ತು ಮಂದಿ ಮಡಿದರು. ಮೊದಲೇ ಸತ್ತಿದ್ದ ಒಬ್ಬನನ್ನೂ ಸೇರಿಸಿ ಹನ್ನೊಂದು ಜೀವಗಳು. ಯಾವ ಸಾಲಪತ್ರದಲ್ಲಿಯೂ ಬರೆಯದ ವೆಚ್ಚವಿದು.

1937ರ ಮೇ 27ರಂದು ಸೇತುವೆಯನ್ನು ಕಾಲ್ನಡಿಗೆಯವರಿಗೆ ತೆರೆಯಲಾಯಿತು, ಮರುದಿನ ವಾಹನಗಳಿಗೆ. ಕಾರೊಂದಕ್ಕೆ ಒಂದು ಸಲ ದಾಟಲು ಐವತ್ತು ಸೆಂಟಿನ ಸುಂಕ. ಒಳಗೆ ಮೂವರಿಗಿಂತ ಹೆಚ್ಚು ಪ್ರಯಾಣಿಕರಿದ್ದರೆ ತಲೆಗೆ ಐದು ಸೆಂಟು ಹೆಚ್ಚು. ಈ ಚಿಲ್ಲರೆಯೇ ಕೂಡಿ ಕೂಡಿ ಸಾಲದ ಬೆಟ್ಟವನ್ನು ಕರಗಿಸತೊಡಗಿತು. ಯುದ್ಧ ಬಂದಿತು, ಹೋಯಿತು, ಹೊಲಗಳಿದ್ದಲ್ಲಿ ಊರುಗಳೆದ್ದವು, ಮತ ಹಾಕಿದವರಲ್ಲಿ ಅನೇಕರು ತೀರಿಕೊಂಡರು. 1971ರ ಜುಲೈ 1ರಂದು ಕೊನೆಯ ಸಾಲಪತ್ರ ಸಂದಾಯವಾಯಿತು. ಅಸಲು ಮೂರೂವರೆ ಕೋಟಿ ಡಾಲರು. ಬಡ್ಡಿ ಅಸಲನ್ನೂ ಮೀರಿ ಸುಮಾರು ಮೂರು ಕೋಟಿ ತೊಂಬತ್ತು ಲಕ್ಷ. ಅಷ್ಟನ್ನೂ ಸುಂಕದ ಹಣದಿಂದಲೇ ತೀರಿಸಲಾಗಿತ್ತು.

ದೋಣಿಗಳ ಗತಿಯೇನಾಯಿತು? ಸೇತುವೆಯೊಡನೆ ಪೈಪೋಟಿ ನಡೆಸಲಾರದೆ ಸಾಸಲೀಟೋ ದಡದ ವಾಹನದೋಣಿಗಳು 1941ರಲ್ಲಿ ನಿಂತುಹೋದವು. ಮೂವತ್ತು ವರ್ಷಗಳೊಳಗೆ ಸೇತುವೆಯ ಮೇಲೆ ಗಾಡಿಗಳು ಕಿಕ್ಕಿರಿದು, ಹಿಂದೆ ಧಕ್ಕೆಯ ಮುಂದಿದ್ದ ಸಾಲುಗಳು ಸುಂಕದ ಕಟ್ಟೆಯ ಮುಂದೆ ಕಾಣಿಸಿಕೊಂಡವು. 1970ರ ಆಗಸ್ಟಿನಲ್ಲಿ ಸಾಸಲೀಟೋವಿಗೂ ನಗರಕ್ಕೂ ನಡುವೆ ಪ್ರಯಾಣಿಕರ ದಾಟುದೋಣಿ ಮತ್ತೆ ಓಡತೊಡಗಿತು. ಅದನ್ನು ನಡೆಸಿದ್ದು ಸೇತುವೆಯ ಮಂಡಲವೇ.