ಖಳನಿಲ್ಲದ ಚಿತ್ರಗಳು

ಅಳಿಸುವ ಚಿತ್ರ ದೊಡ್ಡದು, ನಗಿಸುವ ಚಿತ್ರ ಹಗುರ ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ವಿದೇಶದ್ದಾದರೆ ಇನ್ನೂ ಒಂದು ಮಣೆ ಮೇಲೆ. ಬಿಡುವಿದ್ದಾಗ ಕೈಗೆ ಸಿಕ್ಕ ಚಿತ್ರ ನೋಡುತ್ತ ಬಂದ ನನಗೆ ಈ ಲೆಕ್ಕ ಒಪ್ಪಿಗೆಯಾಗಿಲ್ಲ. ನೋಡಿ ನೋಡಿ ಮನಸ್ಸಿನಲ್ಲಿ ನಿಂತ ಮಾತುಗಳನ್ನು ಬರೆಯುತ್ತಿದ್ದೇನೆ.

1. ಖಳನನ್ನು ಹುಡುಕುವುದು ಬಿಟ್ಟು ನೋಡಬೇಕು.

ಇದನ್ನು ಕಲಿಸಿದ್ದು ಅಸ್ಗರ್ ಫರ್ಹಾದಿಯ ‘ಎ ಸೆಪರೇಷನ್’ (2011). ಮೊದಲ ದೃಶ್ಯದಲ್ಲೇ ಗಂಡ ಹೆಂಡತಿ ಕ್ಯಾಮೆರಾದತ್ತ ತಿರುಗಿ ವಾದಿಸುತ್ತಾರೆ. ನ್ಯಾಯಾಧೀಶರ ಜಾಗದಲ್ಲಿ ಕೂತಿರುವುದು ನಾವೇ. ಮಗಳ ಮುಂದಿನ ಬದುಕಿಗಾಗಿ ಇರಾನ್ ಬಿಟ್ಟು ಹೋಗೋಣ ಎನ್ನುವುದು ಸಿಮಿನ್ ಹಟ. ಮರೆವಿನ ರೋಗ ಹಿಡಿದ ಅಪ್ಪನನ್ನು ಬಿಟ್ಟು ಬರಲಾರೆ ಎನ್ನುವುದು ನಾದೆರ್ ಹಟ. ನೀನು ಯಾರೆಂಬುದೇ ಅವರಿಗೆ ಗೊತ್ತಿಲ್ಲವಲ್ಲ ಎಂದು ಅವಳು ಕೇಳಿದರೆ, ಅವರು ನನ್ನ ಅಪ್ಪ ಎಂದು ನನಗೆ ಗೊತ್ತಿದೆಯಲ್ಲ ಎನ್ನುತ್ತಾನೆ. ಇಬ್ಬರಲ್ಲಿ ಯಾರ ಕಡೆ ನಿಲ್ಲುವುದು?

ಆಮೇಲೆ ಮುದುಕರನ್ನು ನೋಡಿಕೊಳ್ಳಲು ರಜಿಯೆ ಬರುತ್ತಾಳೆ. ಬಡವಿ, ಬಸುರಿ, ದೈವಭಕ್ತೆ. ಬಟ್ಟೆ ಒದ್ದೆ ಮಾಡಿಕೊಂಡ ಪರಪುರುಷನನ್ನು ತೊಳೆದು ಬಟ್ಟೆ ಬದಲಿಸಿದರೆ ಪಾಪವೇ ಎಂದು ಫೋನ್ ಮಾಡಿ ಧರ್ಮ ಬಲ್ಲವರನ್ನು ಕೇಳುತ್ತಾಳೆ. ಮುಂದೆ ಅವಳಿಗೂ ನಾದೆರ್‌ಗೂ ನಡುವೆ ಬೆಳೆಯುವ ಮೊಕದ್ದಮೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸುಳ್ಳು ಹೇಳುತ್ತಾರೆ, ಪ್ರತಿ ಸುಳ್ಳಿನ ಹಿಂದೆಯೂ ಒಂದು ಸಂಕಟ ಇರುತ್ತದೆ. ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೊನೆಗೆ ಮಗಳನ್ನು ಕೇಳುತ್ತಾರೆ. ಅವಳ ಉತ್ತರ ನಮ್ಮ ಕಿವಿಗೆ ಬೀಳುವುದಿಲ್ಲ. ಮುಕ್ತಾಯವೇ ಇಲ್ಲ ಎಂದು ಬೇಸರಪಟ್ಟವರನ್ನು ಬಲ್ಲೆ. ನನಗಂತೂ ಬೇರೆ ಯಾವ ಮುಕ್ತಾಯವೂ ಆ ಹುಡುಗಿಗೆ ಅನ್ಯಾಯ ಎನಿಸುತ್ತದೆ.

2. ಹಾಸ್ಯಚಿತ್ರಕ್ಕೂ ಇದೇ ಅಳತೆಗೋಲು.

ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ನೋಡಿ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ವಠಾರದಲ್ಲಿ ಎದುರಾದರೆ ಸಾಕು, ಜಗಳ. ಅದೇ ಇಬ್ಬರು, ಗುರುತು ತಿಳಿಯದೆ, ಕಾಗದದಲ್ಲಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ನಗು ಹುಟ್ಟುವುದು ಅವರು ಪೆದ್ದರೆಂದಲ್ಲ, ಇಬ್ಬರೂ ತಮ್ಮ ತಮ್ಮ ಕಡೆಯಿಂದ ಪೂರ್ತಿ ಸರಿ ಇರುವುದರಿಂದ. ಬಾಡಿಗೆದಾರರಿಗೆ ಅವರದೇ ಕಷ್ಟ, ಮನೆ ಮಾಲೀಕರಿಗೆ ಅವರದೇ ತಲೆನೋವು. ಅನಂತನಾಗ್ ನಗಿಸಲು ಮುಖ ಕಿವುಚುವುದಿಲ್ಲ. ಪಾತ್ರಕ್ಕೆ ತನ್ನ ಗೋಳು ನಿಜವಾದ ಗೋಳೇ ಎಂದು ನಂಬಿ ಮಾತಾಡುತ್ತಾರೆ. ಟೆಹರಾನಿನ ಕೋರ್ಟಿನಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತದೆ, ಬೇರೆ ರಾಗದಲ್ಲಿ. ಫರ್ಹಾದಿಯನ್ನು ಮೆಚ್ಚುವ ಗೆಳೆಯರಿಗೆ ಈ ಚಿತ್ರವನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

3. ಮೈಬಣ್ಣ, ದಪ್ಪ ಮೈ, ತೊದಲು ಮಾತು ಇವನ್ನೇ ನೆಚ್ಚಿದ ನಗು ಎರಡನೇ ಸಲ ನೋಡುವಾಗ ಉಳಿಯುವುದಿಲ್ಲ. ಹಳೆಯ ಎಷ್ಟೋ ಚಿತ್ರಗಳ ಕಾಮಿಡಿ ಟ್ರ್ಯಾಕ್ ಬಂದಾಗ ಈಗ ಮಕ್ಕಳ ಪಕ್ಕದಲ್ಲಿ ಕೂತು ನೋಡಲು ಕಷ್ಟವಾಗುತ್ತದೆ.

4. ನಿಧಾನದ ಚಿತ್ರಕ್ಕೆ ಅರ್ಧ ಗಂಟೆ ಕೊಡಿ.

ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಎರಡು ಗಂಟೆಗೂ ಹೆಚ್ಚಿನದು. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಎತ್ತರದಲ್ಲಿ ಇರುತ್ತದೆ, ಅಲುಗಾಡುವುದೇ ಅಪರೂಪ. ಮೊದಮೊದಲು ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಊರಿನಿಂದ ಬಂದ ವೃದ್ಧ ದಂಪತಿಗೆ ಟೋಕಿಯೊದ ಮಕ್ಕಳಲ್ಲಿ ಸಮಯವಿಲ್ಲ. ಮಗ ಡಾಕ್ಟರು, ಮಗಳದು ಬ್ಯೂಟಿ ಪಾರ್ಲರು. ಅಪ್ಪ ಅಮ್ಮನನ್ನು ಬಿಸಿನೀರ ಬುಗ್ಗೆಗಳ ಅಟಾಮಿಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯ ಗದ್ದಲಕ್ಕೆ ಮುದುಕರಿಗೆ ನಿದ್ದೆ ಬಾರದು. ಆದರಿಸುವವಳು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಮಾತ್ರ. ತಾಯಿ ತೀರಿಕೊಂಡ ಮೇಲೆ ಆ ಮಗಳು ಊಟದ ನಡುವೆಯೇ ಅಮ್ಮನ ಬಟ್ಟೆ ತನಗೆ ಬೇಕೆನ್ನುತ್ತಾಳೆ. ಸಿಟ್ಟು ಬರುತ್ತದೆ. ಆದರೆ ಓಜು ಅವಳನ್ನು ಕಟಕಟೆಗೆ ತರುವುದಿಲ್ಲ, ಮಕ್ಕಳು ತಮ್ಮ ಸಂಸಾರದೊಳಗೆ ಹೀಗೆ ದೂರವಾಗುತ್ತಾರೆ ಎಂದು ನೊರಿಕೊ ಬಾಯಲ್ಲೇ ಹೇಳಿಸುತ್ತಾರೆ. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಯಾವ ಕನ್ನಡಿಗರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಸಬ್‌ಟೈಟಲ್ ಇರುವ ಚಿತ್ರ ನೋಡುವಾಗ ಮೊಬೈಲು ಬೇರೆ ಕೋಣೆಯಲ್ಲಿರಲಿ. ನಮ್ಮ ಭಾಷೆಯ ಚಿತ್ರವಾದರೆ ಕಣ್ಣು ಸರಿದರೂ ಕಿವಿ ಕಾಯುತ್ತದೆ; ಇಲ್ಲಿ ಒಂದು ಸಾಲು ತಪ್ಪಿದರೆ ಕತೆಯೇ ಜಾರುತ್ತದೆ.

6. ನಗುವೂ ಸಾವೂ ಒಂದೇ ಜಗುಲಿಯಲ್ಲಿ ಕೂರಬಲ್ಲವು.

ರಾಮ್ ರೆಡ್ಡಿಯವರ ‘ತಿಥಿ’ಯನ್ನು ಹಾಸ್ಯದ ಸಾಲಿಗೆ ಸೇರಿಸಬೇಕೋ ಗಂಭೀರದ ಸಾಲಿಗೋ ಎಂಬ ಚರ್ಚೆಯೇ ಬೇಡ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೆಯ ದಿನದ ತಿಥಿಗೆ ತಯಾರಿ ನಡೆದಿದೆ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆ ಬೇಡ, ಮೊಮ್ಮಗನಿಗೆ ಜಮೀನು ಮಾರುವ ಆತುರ. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರು, ವೃತ್ತಿಯಿಂದ ನಟರಲ್ಲ. ಇಂಥವರನ್ನು ತೆರೆಗೆ ತಂದು ನಗೆಪಾಟಲು ಮಾಡುವುದು ಸುಲಭವಿತ್ತು. ಚಿತ್ರ ಅದನ್ನು ಒಮ್ಮೆಯೂ ಮಾಡಿಲ್ಲ. ಲೊಕಾರ್ನೊ ಉತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಗೆದ್ದು ಬಂದ ಚಿತ್ರಕ್ಕೆ ಮುಂದಿನ ವರ್ಷ ನಮ್ಮ ಥಿಯೇಟರುಗಳಲ್ಲೂ ಜನ ಬಿದ್ದು ಬಿದ್ದು ನಕ್ಕರು. ಎರಡೂ ಕಡೆ ಒಲಿದದ್ದು ಅದೇ ಗಡ್ಡಪ್ಪ.

7. ವಿದೇಶಿ ಚಿತ್ರ ನೋಡದವರಿಗೆ ಮೊದಲು ಮಕ್ಕಳ ಕತೆ ತೋರಿಸಿ.

ನನ್ನ ಆಯ್ಕೆ ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997). ತಂಗಿಯ ಬೂಟು ಕಳೆದುಹೋಗಿದೆ, ಹೊಸದು ಕೊಡಿಸಲು ಅಪ್ಪನ ಹತ್ತಿರ ಹಣವಿಲ್ಲ. ಅಣ್ಣ ತಂಗಿ ಒಂದೇ ಜೋಡಿಯನ್ನು ಹಂಚಿಕೊಂಡು ಶಾಲೆಗೆ ಓಡುತ್ತಾರೆ. ಓಟದ ಪಂದ್ಯದಲ್ಲಿ ಅವನಿಗೆ ಬೇಕಿರುವುದು ಮೂರನೆಯ ಬಹುಮಾನ, ಏಕೆಂದರೆ ಅದು ಬೂಟು. ಇಷ್ಟು ತಿಳಿದರೆ ಅಕ್ಷರ ಬಾರದ ಅಜ್ಜಿಯೂ ಪಂದ್ಯದ ಹೊತ್ತಿಗೆ ಮುಂದಕ್ಕೆ ಸರಿದು ಕೂರುತ್ತಾರೆ. ಮರುವಾರ ಚಾಪ್ಲಿನ್‌ನ ‘ಸಿಟಿ ಲೈಟ್ಸ್’ (1931) ಹಾಕಬಹುದು. ಅದರಲ್ಲಿ ಮಾತೇ ಇಲ್ಲ, ಆಗೊಮ್ಮೆ ಈಗೊಮ್ಮೆ ಬರುವ ಬರಹವನ್ನು ಮನೆಯ ಮಕ್ಕಳು ಓದಿ ಹೇಳಿದರೆ ಆಯಿತು.